ಚಾವಣಿ ಎತ್ತರವಾದಷ್ಟೂ ಪಾಪ ಹಗುರ

ನಮ್ಮ ನಾಡಿನಲ್ಲಿ ಕುಡಿತದ ಒಳಿತು ಕೆಡುಕನ್ನು ತೀರ್ಮಾನಿಸುವುದು ಬಾಟಲಿಯೊಳಗಿನ ದ್ರವವಲ್ಲ, ಕುಡಿಯುವವನ ತಲೆಯ ಮೇಲಿನ ಚಾವಣಿ. ತಗಡಿನ ಶೀಟಿನ ಕೆಳಗೆ ನಿಂತುಕೊಂಡೇ ನೈಂಟಿ ಸುರಿದುಕೊಂಡವನು ಕುಡುಕ. ಅವನ ಹೆಂಡತಿ ಮಕ್ಕಳ ಗತಿ ಏನು ಎಂದು ಇಡೀ ಬೀದಿ ಲೊಚಗುಟ್ಟುತ್ತದೆ. ಕಾಂಕ್ರೀಟ್ ಚಾವಣಿ, ಮೂಲೆಯಲ್ಲಿ ಗೋಡೆಗೆ ಬಡಿದ ಫ್ಯಾನು, ಮುಂದೆ ಕಡಲೆಬೀಜದ ತಟ್ಟೆ ಇರುವ ಬಾರ್ ಅಂಡ್ ರೆಸ್ಟೋರೆಂಟಿನಲ್ಲಿ ಕುಳಿತವನು ‘ಸ್ವಲ್ಪ ಅಭ್ಯಾಸ ಇರುವವರು’. ಕುರ್ಚಿ ಸಿಕ್ಕ ಕೂಡಲೇ ಬಹುವಚನವೂ ಸಿಕ್ಕಿತು, ಗಮನಿಸಿ. ಇನ್ನು ಎರಡು ಅಂತಸ್ತಿನಷ್ಟು ಎತ್ತರದ ಚಾವಣಿ, ಅದರಿಂದ ಇಳಿಬಿದ್ದ ಗಾಜಿನ ತೂಗುದೀಪ ಇದ್ದರೆ ಅದೇ ದ್ರವವನ್ನು ಹೀರುವವರು ಅಭಿರುಚಿ ಉಳ್ಳವರು. ಅವರ ಹೆಂಡತಿ ಮಕ್ಕಳ ಬಗ್ಗೆ ಯಾರೂ ಚಿಂತಿಸುವುದಿಲ್ಲ. ಅವರೂ ಪಕ್ಕದ ಸೋಫಾದಲ್ಲಿ ಕುಳಿತು ಹೈ ಟೀ ಎಂಬ ಸಂಜೆಯ ಚಹಾ ತಿಂಡಿ ಮುಗಿಸುತ್ತಿರುತ್ತಾರೆ.

ಸರ್ಕಾರಕ್ಕೂ ಈ ಅಳತೆ ಚೆನ್ನಾಗಿ ಗೊತ್ತು. ಸಂವಿಧಾನದ 47ನೇ ವಿಧಿ ಪಾನನಿಷೇಧಕ್ಕೆ ಪ್ರಯತ್ನಿಸಿ ಎಂದು ಹೇಳುತ್ತದೆ. ಅದಕ್ಕೆ ಗೌರವ ಸಲ್ಲಿಸಲು ಕರ್ನಾಟಕದಲ್ಲಿ ಮದ್ಯಪಾನ ಸಂಯಮ ಮಂಡಳಿ ಎಂಬ ಸಂಸ್ಥೆಯೇ ಇದೆ. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಒಂದು ಕಡೆ ಜನ ಕಡಿಮೆ ಕುಡಿದರೆ ಅಧಿಕಾರಿಗೆ ಮೆಮೊ; ಇನ್ನೊಂದು ಕಡೆ ಕುಡಿಯಬೇಡಿ ಎಂದು ಭಾಷಣ. ಎರಡೂ ಗುರಿ ಏಕಕಾಲಕ್ಕೆ ಈಡೇರುವ ವರ್ಷ ರಾಜ್ಯದ ಅಂಕಿಅಂಶ ತಜ್ಞರು ಸನ್ಯಾಸ ಸ್ವೀಕರಿಸುವುದು ಖಂಡಿತ. ಅಬಕಾರಿ ಕಡತಗಳಲ್ಲಿ ಜಾತಿ ಪದ್ಧತಿಯೂ ಜೀವಂತವಾಗಿದೆ: ಪಾರ್ಸೆಲ್ ಕೊಡುವ ವೈನ್ ಶಾಪಿನ ಪರವಾನಗಿ ಸಿಎಲ್-2, ಬಾರಿನದು ಸಿಎಲ್-9, ನಕ್ಷತ್ರ ಹೋಟೆಲಿನದು ಸಿಎಲ್-6ಎ. ಸಿಎಲ್-2ರ ಮುಂದೆ ನಿಂತು ಕುಡಿದವನ ಮೇಲೆ ಪೊಲೀಸರ ಲಾಠಿ ಬೀಳಬಹುದು. ಸಿಎಲ್-6ಎಯಲ್ಲಿ ಕುಡಿದವನು ಎದ್ದರೆ ಸಮವಸ್ತ್ರದವನೊಬ್ಬ ಬಾಗಿಲು ತೆಗೆದು ಸೆಲ್ಯೂಟ್ ಹೊಡೆಯುತ್ತಾನೆ.

ನೆರೆಯ ಕೇರಳ ಈ ತತ್ತ್ವವನ್ನು ಮುಚ್ಚುಮರೆಯಿಲ್ಲದೆ ಕಾನೂನಾಗಿ ಬರೆದುಕೊಂಡಿತ್ತು. 2014ರಲ್ಲಿ ಅಲ್ಲಿನ ಸರ್ಕಾರಕ್ಕೆ ಜನರ ಆರೋಗ್ಯದ ಚಿಂತೆ ಹತ್ತಿ, ಪಂಚತಾರಾ ಹೋಟೆಲುಗಳನ್ನು ಬಿಟ್ಟು ಉಳಿದೆಲ್ಲ ಬಾರುಗಳಿಗೆ ಬೀಗ ಎಂದು ಘೋಷಿಸಿತು. 2015ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅಂದರೆ ಐದು ನಕ್ಷತ್ರದ ಕೆಳಗೆ ಯಕೃತ್ತು ಕೆಡುವುದಿಲ್ಲ, ನಾಲ್ಕರ ಕೆಳಗೆ ಕೆಡುತ್ತದೆ. 2016ರಲ್ಲಿ ಬಂದ ಇನ್ನೊಂದು ಸರ್ಕಾರ 2017ರಲ್ಲಿ ಈ ವೈದ್ಯಕೀಯ ಮಿತಿಯನ್ನು ಮೂರು ನಕ್ಷತ್ರಕ್ಕೆ ಇಳಿಸಿತು. ವಿಜ್ಞಾನ ಮುಂದುವರಿಯುತ್ತಲೇ ಇರುತ್ತದೆ.

ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಮಾರಕೂಡದು ಎಂಬ ಸುಪ್ರೀಂ ಕೋರ್ಟಿನ ಆದೇಶದ ಬಿಸಿ ಬೆಂಗಳೂರಿಗೆ ತಟ್ಟಿದ್ದೂ ಅದೇ ವರ್ಷ. ಜುಲೈ ಒಂದರಂದು ಮಹಾತ್ಮ ಗಾಂಧಿ ರಸ್ತೆಯ ಬಾರುಗಳು ಬಾಗಿಲು ಹಾಕಿದವು. ಜೀವನವಿಡೀ ಪಾನನಿರೋಧ ಬೋಧಿಸಿದವರ ಹೆಸರನ್ನು ಹೊತ್ತ ರಸ್ತೆಯಲ್ಲಿ ಬಾರು ಮುಚ್ಚಿಸಲು ಅವರ ಹೆಸರು ಸಾಲಲಿಲ್ಲ. ಹೆದ್ದಾರಿಯ ನಕ್ಷೆ ಬೇಕಾಯಿತು. ನಗರ ಮಿತಿಯೊಳಗಿನ ಪರವಾನಗಿಗಳಿಗೆ ಆ ಆದೇಶ ತೊಡಕಲ್ಲ ಎಂದು ಕೋರ್ಟು ಅದೇ ತಿಂಗಳು ಸ್ಪಷ್ಟಪಡಿಸಿದ್ದರಿಂದ ನಗರ ಮತ್ತೆ ಉಸಿರಾಡಿತು. ಅಷ್ಟರಲ್ಲಿ ಕೇರಳದ ಉತ್ತರ ಪರವೂರಿನ ಬಾರೊಂದು ತನ್ನ ಖಾಲಿ ಜಾಗದಲ್ಲಿ ಚಕ್ರವ್ಯೂಹದ ಹಾಗೆ ಗೋಡೆ ಕಟ್ಟಿ, ಬಾಗಿಲು ತಲುಪುವ ದಾರಿಯನ್ನೇ ಉದ್ದ ಮಾಡಿತ್ತು. ಹೋಗುವಾಗ ಸುತ್ತುವುದು ಸರಿ, ಹೊರಗೆ ಬರುವಾಗ ಆ ಗಿರಾಕಿಗಳು ಅಭಿಮನ್ಯುವಾದರೋ ಅರ್ಜುನರಾದರೋ ಯಾವ ವರದಿಗಾರನೂ ಬರೆಯಲಿಲ್ಲ.

ಇಷ್ಟೆಲ್ಲ ಶಾಸ್ತ್ರ ಓದಿಕೊಂಡಿದ್ದರೂ ಎತ್ತರದ ಚಾವಣಿಯ ಕೆಳಗೆ ಕುಳಿತು ಅನುಭವಿಸುವ ಭಾಗ್ಯ ಬಂದದ್ದು ಮೂಡಿಗೆರೆ ಕಡೆಯ ನನ್ನ ಸೋದರಮಾವನ ದೆಸೆಯಿಂದ. ಮಂಡಿನೋವಿಗೆ ತೋರಿಸಲು ಅವರು ಬೆಂಗಳೂರಿಗೆ ಬಂದಿದ್ದರು. ಅಮೆರಿಕದಲ್ಲಿರುವ ಮಗಳು ಅಲ್ಲಿಂದಲೇ ಒಂದು ಉಡುಗೊರೆ ಚೀಟಿ ಕಳುಹಿಸಿದ್ದಳು: ನಗರದ ದೊಡ್ಡ ಹೋಟೆಲೊಂದರಲ್ಲಿ ಇಬ್ಬರಿಗೆ ಹೈ ಟೀ. ಮಾವನಿಗೆ ಹತ್ತು ಎಕರೆ ಕಾಫಿ ತೋಟವಿದೆ. ಕಾಫಿ ಬೆಳೆಯುವವರಿಗೆ ಟೀ ಕುಡಿಸುವ ಯೋಚನೆ ಅಮೆರಿಕದಿಂದಲೇ ಬರಬೇಕು.

ಆಟೋ ಗೇಟಿನಲ್ಲೇ ನಿಂತಿತು. ಕಾರುಗಳ ಹೊಟ್ಟೆಯ ಕೆಳಗೆ ಕನ್ನಡಿ ಹಿಡಿದು ನೋಡಿ ಒಳಗೆ ಬಿಡುತ್ತಿದ್ದರು. ಆಟೋದ ಹೊಟ್ಟೆಯ ಬಗ್ಗೆ ಅವರಿಗೆ ಕುತೂಹಲವೇ ಇರಲಿಲ್ಲ. ಅದಕ್ಕೆ ಪ್ರವೇಶವೇ ಇಲ್ಲ. ಬಾಂಬು ಇಲ್ಲ ಎಂದು ಸಾಬೀತುಪಡಿಸುವ ಅವಕಾಶ ಕೂಡ ನಾಲ್ಕು ಚಕ್ರದವರಿಗೆ ಮೀಸಲು. ಮಂಡಿನೋವಿನ ಮಾವ ಪಂಚೆಯ ಚುಂಗು ಹಿಡಿದುಕೊಂಡು ಆ ಉದ್ದದ ಏರುದಾರಿಯಲ್ಲಿ ನಡೆದರು. 2024ರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದು ಒಳಗೆ ಬಿಡದೆ, ಸರ್ಕಾರ ಆ ಮಾಲನ್ನೇ ಏಳು ದಿನ ಮುಚ್ಚಿಸಿದ ಮೇಲೆ ನಗರದ ಕಾವಲುಗಾರರಿಗೆಲ್ಲ ಪಂಚೆಯ ಮೇಲೆ ಅಪಾರ ಭಕ್ತಿ ಹುಟ್ಟಿರಬೇಕು, ಯಾರೂ ತಡೆಯಲಿಲ್ಲ. ನೋಡಿದರು, ಅಷ್ಟೆ.

ಬಾಗಿಲಲ್ಲಿ ಗಿರಿಜಾ ಮೀಸೆಯ ಆಜಾನುಬಾಹು. ತಲೆಯ ಮೇಲೆ ಜರಿಯಂಚಿನ ಮೈಸೂರು ಪೇಟ. ಹಿಂದೆ ದಿವಾನರು ಧರಿಸುತ್ತಿದ್ದ ಪೇಟ ಇಂದು ಬಾಗಿಲು ಕಾಯುತ್ತಿದೆ, ಒಳಗಿನ ದಿವಾನರು ಹಾಫ್ ಪ್ಯಾಂಟಿನಲ್ಲಿದ್ದಾರೆ. ಅವನು ಸೆಲ್ಯೂಟ್ ಹೊಡೆದಾಗ ಮಾವ ನಿಂತು ಕೈಮುಗಿದರು.

“ಯಾವ ಊರಪ್ಪಾ ನಿಮ್ಮದು?”

“ಚನ್ನರಾಯಪಟ್ಟಣದ ಹತ್ತಿರ, ಸಾರ್.”

“ಮಳೆ ಹೇಗೆ?”

ಹಿಂದಿನಿಂದ ಬಂದ ಸೂಟ್‌ಕೇಸೊಂದು ಮಳೆಯ ಮಾತನ್ನು ಅಲ್ಲಿಗೇ ನಿಲ್ಲಿಸಿತು. ಆ ಕಟ್ಟಡದಲ್ಲಿ ನಮ್ಮೊಂದಿಗೆ ನಡೆದ ಮೊದಲ ಮತ್ತು ಕೊನೆಯ ಕನ್ನಡ ಸಂಭಾಷಣೆ ಅದು. ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನು ಬಂದಿದೆಯಲ್ಲ, ಹೊರಗಿನ ಫಲಕದಲ್ಲಿ ಅದು ಅಂಗುಲ ಲೆಕ್ಕದಲ್ಲಿ ಪಾಲನೆಯಾಗಿತ್ತು. ಒಳಗಿನ ತಿಂಡಿಪಟ್ಟಿಯ ಬಗ್ಗೆ ಕಾನೂನು ಏನೂ ಹೇಳಿರಲಿಲ್ಲವಾದ್ದರಿಂದ ಅಲ್ಲಿ ಫ್ರೆಂಚ್ ಇತ್ತು.

ನಾಲ್ಕು ಗಂಟೆಗೆ ಹೊಟ್ಟೆ ಹಸಿಯುತ್ತದೆ ಎಂಬುದನ್ನು 1840ರ ಸುಮಾರಿಗೆ ಬೆಡ್‌ಫರ್ಡಿನ ಡಚೆಸ್ ಆನಾ ಕಂಡುಹಿಡಿದಳು ಎಂದು ಇಂಗ್ಲಿಷರ ಚರಿತ್ರೆ ದಾಖಲಿಸುತ್ತದೆ. ಮಧ್ಯಾಹ್ನದ ಊಟಕ್ಕೂ ತಡರಾತ್ರಿಯ ಊಟಕ್ಕೂ ನಡುವೆ ಜೀವ ಕುಸಿದಂತಾಗಿ, ಕೋಣೆಗೆ ಚಹಾ, ಬ್ರೆಡ್ಡು, ಬೆಣ್ಣೆ ತರಿಸಿಕೊಂಡಳಂತೆ. ಅವಳ ಗೆಳತಿಯರಿಗೂ ಹಸಿವು ಅಂಟಿಕೊಂಡಿತು. ನಮ್ಮ ಅಜ್ಜಿಯರು ಇದೇ ಹೊತ್ತಿಗೆ ಅವಲಕ್ಕಿಯನ್ನೋ ಕೋಡುಬಳೆಯನ್ನೋ ಮುಂದಿಟ್ಟು ಒಂದು ಡಬರಿ ಕಾಫಿ ಕೊಡುತ್ತಿದ್ದರು. ಅವರು ಡಚೆಸ್ ಅಲ್ಲದ ಕಾರಣ ಅದು ಚರಿತ್ರೆಗೆ ಸೇರಲಿಲ್ಲ.

ಮೂರು ಅಂತಸ್ತಿನ ಬೆಳ್ಳಿ ಬಣ್ಣದ ಗೋಪುರ ಬಂತು. ಕೆಳಗಿನ ಅಂತಸ್ತಿನಲ್ಲಿ ಸೌತೆಕಾಯಿಯ ಸ್ಯಾಂಡ್‌ವಿಚ್. ಸೌತೆಕಾಯಿಯನ್ನು ಹಿಂದಿನ ಗೋಡೆ ಕಾಣುವಷ್ಟು ತೆಳ್ಳಗೆ ಹೆಚ್ಚಿದ್ದರು. ಬ್ರೆಡ್ಡಿನ ನಾಲ್ಕೂ ಅಂಚನ್ನು ಕತ್ತರಿಸಿ ತೆಗೆದಿದ್ದರು. ನಡುವಿನಲ್ಲಿ ಸ್ಕೋನ್ ಎಂಬ ಗಟ್ಟಿ ಪದಾರ್ಥ, ಅದಕ್ಕೆ ಹಚ್ಚಲು ಕೆನೆ ಮತ್ತು ಜಾಮು. ಮೇಲೆ ಬಣ್ಣಬಣ್ಣದ ಗುಂಡಿಗಳಷ್ಟು ಸಿಹಿ. ಒಂದು ಮೂಲೆಯಲ್ಲಿ ಕರ್ನಾಟಕಕ್ಕೂ ಪ್ರಾತಿನಿಧ್ಯ ಕೊಟ್ಟಿದ್ದರು: ಐದು ರೂಪಾಯಿ ನಾಣ್ಯದಷ್ಟು ಅಗಲದ ಮಸಾಲೆ ದೋಸೆ, ಅದರ ಮೇಲೆ ಕಾಯಿಚಟ್ನಿಯ ನೊರೆ. ಚಟ್ನಿ ಅಲ್ಲ, ನೊರೆ. ಬಡಿಸುವ ಹುಡುಗ ಕೈಕಟ್ಟಿ ನಿಂತು ಪ್ರತಿಯೊಂದರ ಜನ್ಮವೃತ್ತಾಂತ ಹೇಳಿದ. ದೋಸೆಯ ಬಳಿ ಬಂದಾಗ, ಇದು ನಮ್ಮ ಶೆಫ್ ಅವರ ಅಜ್ಜಿಯ ಕೈರುಚಿಯ ನೆನಪು ಎಂದ. ನಾನು ಅನುವಾದಿಸಿ ಹೇಳಿದೆ.

“ಅಜ್ಜಿ ಇಷ್ಟೇ ಹಾಕುತ್ತಿದ್ದರೇ?” ಎಂದರು ಮಾವ. “ಪಾಪ, ಕಷ್ಟದ ಕಾಲ ಇದ್ದಿರಬೇಕು.”

ಸುತ್ತಲಿನ ಮೇಜುಗಳಲ್ಲಿ ಯಾರೂ ತಿನ್ನುತ್ತಿರಲಿಲ್ಲ. ಎಲ್ಲರೂ ಗೋಪುರದ ಫೋಟೋ ತೆಗೆಯುತ್ತಿದ್ದರು. ಕಿಟಕಿಯ ಬಳಿ ಬೆಳಕು ಚೆನ್ನಾಗಿದೆ ಎಂದು ಒಂದು ಜೋಡಿ ಗೋಪುರ ಸಮೇತ ಅಲ್ಲಿಗೆ ವಲಸೆ ಹೋಯಿತು. ಉತ್ಸವಮೂರ್ತಿ ಅವರ ಹಿಂದೆ, ಹುಡುಗ ಮುಂದೆ.

ಚಹಾ ಆರಿಸುವುದೇ ಒಂದು ಪರೀಕ್ಷೆ. ಪಟ್ಟಿಯಲ್ಲಿ ಡಾರ್ಜಿಲಿಂಗ್ ವಸಂತದ ಮೊದಲ ಕೊಯ್ಲಿನಿಂದ ಹಿಡಿದು ಮಲ್ಲಿಗೆ, ಕ್ಯಾಮೊಮೈಲ್ ಹೂವಿನವರೆಗೆ ಎಲ್ಲವೂ ಇದ್ದವು. ಕುದಿಸಿದ ಹಾಲು, ಸಕ್ಕರೆ, ಶುಂಠಿ ಹಾಕಿದ್ದು ಮಾತ್ರ ಇರಲಿಲ್ಲ. ನನ್ನ ಕೆಟಲಿನ ಜೊತೆಗೆ ಒಂದು ಮರಳು ಗಡಿಯಾರ ಬಂತು. ಮರಳು ಪೂರ್ತಿ ಇಳಿಯುವ ತನಕ ಬಗ್ಗಿಸಬಾರದು ಎಂದು ಹುಡುಗ ಎಚ್ಚರಿಸಿದ. ಕುಡಿಯಲು ಕೊಟ್ಟು ಕುಡಿಯಬೇಡ ಎನ್ನುವ ಈ ನೀತಿ ಅಬಕಾರಿ ಇಲಾಖೆಯಿಂದ ಬಂದದ್ದೇ ಇರಬೇಕು.

ಮಾವ ಕಾಫಿ ಕೇಳಿದರು. ಚೀಟಿಯಲ್ಲಿ ಕಾಫಿ ಸೇರುವುದಿಲ್ಲ, ಪ್ರತ್ಯೇಕ ಹಣ ಎಂದ ಹುಡುಗ. ಇರಲಿ ಎಂದೆ. ಕಾಫಿಗೂ ಒಂದು ವಂಶಾವಳಿ ಇತ್ತು. ಚಿಕ್ಕಮಗಳೂರಿನ ಒಂದೇ ತೋಟದ ಅರೇಬಿಕಾ, ನೆರಳಿನಲ್ಲಿ ಬೆಳೆದದ್ದು, ನಾಲಿಗೆಯ ಮೇಲೆ ಜೇನಿನ ಛಾಯೆ, ಕೊನೆಯಲ್ಲಿ ಕಿತ್ತಳೆ ಸಿಪ್ಪೆಯ ಸುಳಿವು.

“ಕಿತ್ತಳೆ ಗಿಡ ತೋಟದೊಳಗೇ ಇರುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಕಾಳುಮೆಣಸಿನ ಬಳ್ಳಿಯೂ ಇರುತ್ತದೆ. ಮಂಗವೂ ಇರುತ್ತದೆ” ಎಂದರು ಮಾವ. ಮಂಗದ ಸುಳಿವು ನಾಲಿಗೆಗೆ ಸಿಕ್ಕಿತೋ ಇಲ್ಲವೋ ಹೇಳಲಿಲ್ಲ. ಕಾಫಿ ಚೆನ್ನಾಗಿದೆ ಎಂದು ಮಾತ್ರ ಒಪ್ಪಿಕೊಂಡರು. ಬೆಳೆಗಾರರು ಈ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ. ಕಪ್ಪೊಂದಕ್ಕೆ 450 ರೂಪಾಯಿ ಎಂದು ಗೊತ್ತಾದ ಮೇಲೆ ಅವರ ತುಟಿ ಸದ್ದಿಲ್ಲದೆ ಅಲುಗಾಡತೊಡಗಿತು. ಲೆಕ್ಕ ಹಾಕುತ್ತಿದ್ದರು. ಕಪ್ಪಿಗೆ ಹದಿನೈದು ಗ್ರಾಂ ಪುಡಿ ಎಂದುಕೊಂಡರೂ ಒಂದು ಕಿಲೋದಲ್ಲಿ ಅರವತ್ತು ಕಪ್ಪಿಗೆ ಮೋಸವಿಲ್ಲ. ಅರವತ್ತು ನಾನೂರೈವತ್ತಲಿ ಇಪ್ಪತ್ತೇಳು ಸಾವಿರ.

“ಅಲ್ಲಯ್ಯಾ, ದರ ಏರಿದ ವರ್ಷದಲ್ಲಿ ಐವತ್ತು ಕಿಲೋ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆಗೆ ನನಗೆ ಸಿಕ್ಕಿದ್ದು ಹತ್ತಿರ ಹತ್ತಿರ ಇಷ್ಟೇ. ದರ ಬಿದ್ದ ವರ್ಷ ಅದರ ಅರ್ಧವೂ ಇಲ್ಲ. ಉಳಿದ ನಲವತ್ತೊಂಬತ್ತು ಕಿಲೋ ಎಲ್ಲಿಗೆ ಹೋಯಿತು?”

ನಾನು ಮೇಲೆ ನೋಡಿದೆ. ಅವರೂ ನೋಡಿದರು. ಚಾವಣಿ ನಿಜಕ್ಕೂ ಬಹಳ ಎತ್ತರದಲ್ಲಿತ್ತು.

ಸಂಜೆ ಒಂದು ತೆಗೆದುಕೊಳ್ಳುವುದು ಮಾವನ ಹಳೆಯ ವಾಡಿಕೆ. ಬಂದದ್ದು ಬಂದಾಗಿದೆ ಎಂದು ಪಕ್ಕದ ಬಾರಿಗೆ ದಾಟಿದೆವು. ಒಳಗೆ ಕತ್ತಲು. ತಾಲ್ಲೂಕು ಕೇಂದ್ರದ ಬಾರಿನಲ್ಲೂ ಕತ್ತಲಿರುತ್ತದೆ. ಪರಿಚಯದ ಮೇಷ್ಟರು ಪಕ್ಕದ ಮೇಜಿನಲ್ಲಿ ಕುಳಿತಿರಬಹುದು ಎಂಬ ಪರಸ್ಪರ ಮರ್ಯಾದೆಗಾಗಿ. ಇಲ್ಲಿನ ಕತ್ತಲು ವಾತಾವರಣ ನಿರ್ಮಾಣಕ್ಕೆ. ಮಾವ ಮೊಬೈಲಿನ ಟಾರ್ಚು ಹಾಕಿ ಪಟ್ಟಿ ಓದಿದರು. ಮುರುಗಲು ಹಣ್ಣಿನ ರಸ, ಗಾಂಧಾರಿ ಮೆಣಸು, ಸೊಗದೆ ಬೇರು ಎಲ್ಲವೂ ಜಿನ್ನಿನೊಳಗೆ ಇಳಿದಿದ್ದವು. ಮಲೆನಾಡಿನ ಅಡುಗೆಮನೆಯಲ್ಲಿ ಪಿತ್ತಕ್ಕೆ ಕೊಡುತ್ತಿದ್ದ ಮುರುಗಲು, ಸೊಗದೆಯೂ ಇಲ್ಲಿ ಪಿತ್ತ ಏರಿಸುವ ಕೆಲಸಕ್ಕೆ ಸೇರಿಕೊಂಡಿವೆ. ಮಾವ ಬರೀ ವಿಸ್ಕಿ ಹೇಳಿದರು. ಲೋಟದಲ್ಲಿ ಮುಕ್ಕಾಲು ಪಾಲು ಒಂದೇ ಒಂದು ಚೌಕದ ಮಂಜುಗಡ್ಡೆ, ಅದರ ಬುಡದಲ್ಲಿ ಮೂವತ್ತು ಎಂಎಲ್ ಭಯದಿಂದ ಅಡಗಿತ್ತು. ನನ್ನದು ಗಾಜಿನ ಗಂಟೆಯೊಳಗೆ ಹೊಗೆ ತುಂಬಿಕೊಂಡು ಬಂತು. ಗಂಟೆ ಎತ್ತಿದಾಗ ಹೊಗೆ ಮಾವನ ಮುಖಕ್ಕೆ ಹೊಡೆದು, ಬಚ್ಚಲೊಲೆಗೆ ಹಸಿ ಸೌದೆ ಹಾಕಿದ್ದಾರೆ ನೋಡು ಎಂದು ಅವರು ಕೆಮ್ಮಿದರು.

ಬಿಲ್ಲು ಎರಡು ಬಂದವು. ಚಹಾ, ಕಾಫಿ, ತಿಂಡಿಗೆ ಜಿಎಸ್‌ಟಿ. ಮದ್ಯ ಜಿಎಸ್‌ಟಿಯ ಹೊರಗಿರುವುದರಿಂದ ಅದಕ್ಕೆ ರಾಜ್ಯದ್ದೇ ತೆರಿಗೆ. ಒಂದೇ ಮೇಜಿನ ಮೇಲೆ ಒಕ್ಕೂಟ ವ್ಯವಸ್ಥೆ ಸಂಪೂರ್ಣವಾಗಿ ಕೆಲಸ ಮಾಡುತ್ತಿದ್ದ ದೃಶ್ಯ. ಕಾಫಿಯ ತೆರಿಗೆ ಶೇಕಡಾ 18 ಎಂದಿತ್ತು. ಊರಿನ ಹೋಟೆಲಿನಲ್ಲಿ ಐದೇ ಅಲ್ಲವೇ ಎಂದರು ಮಾವ. ಹೌದು, ಆದರೆ ಈ ಕಟ್ಟಡದ ಮೇಲಿನ ಮಹಡಿಗಳಲ್ಲಿರುವ ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟುತ್ತದೆ, ಹಾಗಾಗಿ ಕೆಳಗೆ ಕಾಫಿ ಕುಡಿದವರಿಗೂ 18 ಎಂದು ವಿವರಿಸಿದೆ.

“ನಾವು ಮೇಲೆ ಮಲಗಿಲ್ಲವಲ್ಲ?”

ಈ ಪ್ರಶ್ನೆಗೆ ಜಿಎಸ್‌ಟಿ ಮಂಡಳಿಯಲ್ಲೇ ಉತ್ತರ ಇಲ್ಲದಿರುವಾಗ ನನ್ನ ಬಳಿ ಎಲ್ಲಿಂದ ಬರಬೇಕು? 2019ರಲ್ಲಿ ನಟ ರಾಹುಲ್ ಬೋಸ್ ಚಂಡೀಗಢದ ಐಷಾರಾಮಿ ಹೋಟೆಲಿನಲ್ಲಿ ಎರಡು ಬಾಳೆಹಣ್ಣು ತರಿಸಿಕೊಂಡಾಗ ಬಂದ ಬಿಲ್ಲು 442 ರೂಪಾಯಿ 50 ಪೈಸೆ. ಹಣ್ಣಿಗೆ 375, ಉಳಿದದ್ದು ತೆರಿಗೆ. ತಾಜಾ ಹಣ್ಣಿಗೆ ತೆರಿಗೆಯೇ ಇಲ್ಲ ಎಂದು ಅಲ್ಲಿನ ತೆರಿಗೆ ಇಲಾಖೆ ಹೋಟೆಲಿಗೆ 25,000 ರೂಪಾಯಿ ದಂಡ ಹಾಕಿತು. ಎರಡು ಬಾಳೆಹಣ್ಣಿಗೆ 375 ಹೇಗಾಯಿತು ಎಂದು ಯಾವ ಇಲಾಖೆಯೂ ಕೇಳಲಿಲ್ಲ. ಅದು ಚಾವಣಿಯ ಬಾಬತ್ತು.

ಬಿಲ್ಲಿನ ಬುಡದಲ್ಲಿ ಸೇವಾ ಶುಲ್ಕವೂ ಇತ್ತು. ಕೇಳದೆ ಅದನ್ನು ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟು 2025ರಲ್ಲಿ ಅದು ಸರಿ ಎಂದಿದೆ. ತೆಗೆಯಿರಿ ಎಂದರೆ ತೆಗೆಯುತ್ತಾರೆ. ಆದರೆ ಆ ಮಾತು ಬಾಯಿಗೆ ಬರಬೇಕಲ್ಲ. ಗಾಂಧಿಬಜಾರಿನಲ್ಲಿ ಕೊತ್ತಂಬರಿ ಕಟ್ಟಿಗೆ ಎರಡು ರೂಪಾಯಿ ಹೆಚ್ಚಾಯಿತೆಂದು ಕಾಲುಗಂಟೆ ವಾದಿಸುವ ಗಂಡಸರು ಈ ತೂಗುದೀಪದ ಕೆಳಗೆ ಸರ್ವಜ್ಞ ಮೌನ ತಾಳುತ್ತಾರೆ. ಹೋಟೆಲಿನವರು ಮಾರುತ್ತಿರುವುದೂ ಅದನ್ನೇ: ಬೆಲೆ ಕೇಳದ ಮನುಷ್ಯನ ಪಾತ್ರವನ್ನು ಮೂರು ಗಂಟೆ ಕಾಲ ಅಭಿನಯಿಸುವ ಅವಕಾಶ. ವೇಷಕ್ಕೆ ಬಾಡಿಗೆ ಬೀಳುತ್ತದೆ. ನಾನೂ ಕೊಟ್ಟೆ.

ಇಂಥ ಹೋಟೆಲುಗಳನ್ನು ಬರೀ ತಿಂಡಿತೀರ್ಥದ ಜಾಗ ಎಂದು ತಿಳಿಯುವುದು ರಾಜ್ಯಶಾಸ್ತ್ರದ ಅಜ್ಞಾನ. ವಿಧಾನಸಭೆ, ವಿಧಾನ ಪರಿಷತ್ತಿನ ನಂತರ ಕರ್ನಾಟಕದ ಮೂರನೇ ಸದನ ಕೂಡುವುದು ಹೋಟೆಲು ರೆಸಾರ್ಟುಗಳಲ್ಲೇ. 2019ರ ಜುಲೈನಲ್ಲಿ ನಮ್ಮ ಬಂಡಾಯ ಶಾಸಕರು ಮುಂಬೈನ ಪೊವಾಯಿಯ ಹೋಟೆಲೊಂದರಲ್ಲಿ ಕುಳಿತಿದ್ದರು. ಆಗ ಜಲಸಂಪನ್ಮೂಲ ಸಚಿವರಾಗಿದ್ದ ಡಿ.ಕೆ. ಶಿವಕುಮಾರ್ ಅದೇ ಹೋಟೆಲಿನಲ್ಲಿ ಕೋಣೆ ಕಾದಿರಿಸಿ ಹೋದರೆ ಬುಕಿಂಗ್ ರದ್ದಾಗಿ ಗೇಟಿನ ಹೊರಗೆ ಗಂಟೆಗಟ್ಟಲೆ ಕಾಯಬೇಕಾಯಿತು. ಆಟೋದಲ್ಲಿ ಬಂದವರ ಪಾಡು ಸಚಿವರಿಗೂ ಒಮ್ಮೆ ಅರ್ಥವಾದದ್ದು ಪ್ರಜಾಪ್ರಭುತ್ವದ ಹಿತಕ್ಕೇ. ಅದೇ ತಿಂಗಳ 23ರಂದು ಸರ್ಕಾರ ಬಿತ್ತು. ಒಳಗಿದ್ದವರಿಗೆ ಆ ದಿನಗಳಲ್ಲಿ ಹೈ ಟೀ ಇತ್ತೇ, ಇದ್ದರೆ ಬಿಲ್ಲು ಯಾರ ಹೆಸರಿನಲ್ಲಿ ಹರಿಯಿತು, ಕೋಣೆ 7,500 ದಾಟಿದ್ದರಿಂದ 18 ಹಾಕಿದರೇ? ಸದನದಲ್ಲಿ ಕೇಳಬಹುದಾದ ಪ್ರಶ್ನೆಗಳು.

ಬಿಲ್ಲಿನ ಮಾತು ಬಂದಾಗ ವಿನ್‌ಸ್ಟನ್ ಚರ್ಚಿಲ್ಲರನ್ನು ಬಿಡುವ ಹಾಗಿಲ್ಲ. 1896ರಲ್ಲಿ ಕುದುರೆ ಪಡೆಯ ತರುಣ ಅಧಿಕಾರಿಯಾಗಿ ಬೆಂಗಳೂರಿಗೆ ಬಂದ ಆತ, 1899ರಲ್ಲಿ ಹೊರಡುವಾಗ ಇಲ್ಲಿನ ಯುನೈಟೆಡ್ ಸರ್ವೀಸ್ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿದ್ದರು. ಇಂದಿನ ಬೆಂಗಳೂರು ಕ್ಲಬ್ ಆ ಲೆಕ್ಕದ ಪುಸ್ತಕವನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದೆ. ನಮ್ಮ ಬೀದಿ ಕೊನೆಯ ಅಂಗಡಿಯಲ್ಲಿಯೂ ಒಂದು ಬಾಕಿ ಪುಸ್ತಕವಿದೆ. ಅದರಲ್ಲಿ ಹೆಸರಿರುವ ಗಾರೆ ಕೆಲಸದವರನ್ನು ಅಂಗಡಿಯಾತ ದಾರಿಯಲ್ಲಿ ಅಡ್ಡಹಾಕಿ ಬೈಯುತ್ತಾನೆ. ಆ ಪುಸ್ತಕಕ್ಕೆ ಗಾಜಿನ ಚೌಕಟ್ಟು ಹಾಕಿಸುವ ಯೋಗ ಬರುವ ಲಕ್ಷಣವಿಲ್ಲ.

ಹಾಗಾಗಿ ಮದ್ಯಪಾನ ಸಂಯಮ ಮಂಡಳಿಗೆ ಒಂದು ವಿನಂತಿ. ಕುಡಿತವೆಂಬ ಸಾಮಾಜಿಕ ಪಿಡುಗನ್ನು ತೊಲಗಿಸಲು ಜನರ ಅಭ್ಯಾಸ ಬದಲಿಸುವ ಕಷ್ಟ ಬೇಡ, ಕಟ್ಟಡ ಬದಲಿಸಿದರೆ ಸಾಕು. ರಾಜ್ಯದ ಸಿಎಲ್-2 ಅಂಗಡಿಗಳೆಲ್ಲದರ ಚಾವಣಿಯನ್ನು ಕನಿಷ್ಠ ಇಪ್ಪತ್ತು ಅಡಿಗೆ ಏರಿಸಬೇಕು. ಎಸ್ಟಿಮೇಟು ಚಾವಣಿಗಿಂತ ಮೊದಲು ಮೇಲೇರುತ್ತದೆ, ಚಿಂತೆಯಿಲ್ಲ, 40,000 ಕೋಟಿ ಇದೆ. ಉಪ್ಪಿನಕಾಯಿ ಪೊಟ್ಟಣದ ಬದಲು ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್. ಕತ್ತರಿಸಿದ ಅಂಚುಗಳನ್ನು ಅಂಗನವಾಡಿಗೆ ಕಳುಹಿಸದಂತೆ ಲೋಕಾಯುಕ್ತರು ನೋಡಿಕೊಳ್ಳಲಿ. ಕ್ವಾರ್ಟರ್ ಬಾಟಲಿಯ ಜೊತೆ ಒಂದು ಮರಳು ಗಡಿಯಾರ ಉಚಿತ. ಚರಂಡಿಯ ಪಕ್ಕ ಒರಗಿದವರನ್ನು ದಾಖಲೆಗಳಲ್ಲಿ ವಿಶ್ರಾಂತಿಯಲ್ಲಿರುವ ಅತಿಥಿಗಳು ಎಂದು ನಮೂದಿಸಬೇಕು. ಬಾಗಿಲಲ್ಲಿ ಪೇಟ ಧರಿಸಿದ ಒಬ್ಬರನ್ನು ನೇಮಿಸಿದರೆ ನಿರುದ್ಯೋಗವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಸಂಜೆಯ ಹೊತ್ತು ಮೂಲೆಯಲ್ಲಿ ಪಿಯಾನೋ ಕಡ್ಡಾಯ. ಪಿಯಾನೋ ಸಿಗದ ತಾಲ್ಲೂಕುಗಳಲ್ಲಿ ಬ್ಯಾಂಡ್‌ಸೆಟ್ಟೂ ನಡೆಯುತ್ತದೆ ಎಂದು ಅಧಿಸೂಚನೆಯಲ್ಲಿ ಒಂದು ಸಾಲು ಸೇರಿಸಲಿ.